ಮೂಡುಬಿದಿರೆಯಿಂದ ತಂದ ಚಕ್ರ

ಚಿನ್ನು, ಪುಟ್ಟ,

ನೀವಿಬ್ಬರೂ ನನ್ನ ಕಥೆಯನ್ನು ಶಾಲೆಯಲ್ಲಿ ಹೇಳಿದ್ದೀರಂತೆ. ಮೊನ್ನೆ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಟೀಚರ್ ಸಿಕ್ಕಿ, "ಅಮ್ಮ, ನಿಮಗೆ ಬೈಕಿನ ಚಕ್ರ ಕಟ್ಟಲಿಕ್ಕೆ ಬರ್ತದಂತೆ, ಹೌದಾ? ನಿಮ್ಮ ಮೊಮ್ಮಕ್ಕಳು ಇಡೀ ಕ್ಲಾಸಿಗೆ ಹೇಳಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಿದರು" ಅಂದರು. ನಾನು ನೆಲ ನೋಡಿದೆ. ಅಜ್ಜಿಗೆ ಸಂಕೋಚ ಎಂದು ಅವರು ಭಾವಿಸಿರಬೇಕು. ನನ್ನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಆದರೂ ಯಾವುದೋ ಬಸ್ಸಿನ ಕಡೆಗೆ ನಡೆದುಬಿಟ್ಟೆ.

ನೀವು ಹೇಳಿದ ಕಥೆ ಸುಳ್ಳಲ್ಲ. ಆದರೆ ಅದು ಶುರುವಾಗುವುದು ನೀವು ನೋಡಿದ ಆ ಭಾನುವಾರದಿಂದ ಅಲ್ಲ. ಅದಕ್ಕಿಂತ ಒಂದೂವರೆ ವರ್ಷ ಮೊದಲಿನದನ್ನು ನಾನು ಯಾರಿಗೂ ಹೇಳಿಲ್ಲ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಮನೆಯಲ್ಲಿ ಆಡುವುದು ತುಳು. ನನಗೆ ಬರೆಯಲು ಬರುವುದು ಬೆಳುವಾಯಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ. ತಪ್ಪುಗಳಿದ್ದರೆ ನಿಮ್ಮ ಟೀಚರಿಗೆ ತೋರಿಸಬೇಡಿ.

ನಿಮ್ಮ ಅಪ್ಪ ಉಣ್ಣುವಾಗ ಬಲಗೈ ಪೂರ್ತಿ ತಿರುಗುವುದಿಲ್ಲ. ತುತ್ತು ಬಾಯಿಗೆ ಬರುವ ಬದಲು ಬಾಯಿ ತುತ್ತಿನ ಕಡೆಗೆ ಬಾಗುತ್ತದೆ. ಪುಟ್ಟ, ಒಮ್ಮೆ ನೀನು ಅದನ್ನು ಅಣಕಿಸಿ ತೋರಿಸಿದೆ. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ. ಆ ಕೈ ಹಾಗಾದದ್ದು ಏಕೆ ಎಂದು ನಿಮಗೆ ಗೊತ್ತಿರುವುದು ಇಷ್ಟೇ: ಅಪ್ಪ ಅಗ್ಗದ ಚಕ್ರ ತಂದರು, ಅದು ಚಾರ್ಮಾಡಿಯ ಇಳಿಜಾರಿನಲ್ಲಿ ಮುರಿಯಿತು. ಮನೆಯಲ್ಲಿ ಏನಾದರೂ ಬೇಗ ಹಾಳಾದರೆ ನೀವು "ಮೂಡುಬಿದಿರೆ ಮಾಲು" ಎಂದು ಕೂಗುತ್ತೀರಲ್ಲ, ಆ ಮಾತು ಹುಟ್ಟಿದ್ದು ಅಲ್ಲಿಂದ.

ಮೊದಲು ನಿಮ್ಮ ಅಜ್ಜನ ಅಂಗಡಿಯ ವಿಷಯ ಹೇಳಬೇಕು. ಅವರಿಗೆ ಬಂಟ್ವಾಳ ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ನಮ್ಮ ಮನೆ, ನಡುವೆ ಒಂದು ಪರದೆ. ಸೈಕಲ್ಲು, ಮೊಪೆಡ್ಡು, ಹಳೆಯ ಬೈಕು, ಯಾವುದರ ಚಕ್ರ ಸೊಟ್ಟಗಾದರೂ ಜನ ಅವರ ಹತ್ತಿರ ತರುತ್ತಿದ್ದರು. ಹೊಳೆಯ ನೀರು ಪೇಟೆಗೆ ನುಗ್ಗಿ ಇಳಿದ ಮೇಲಂತೂ ಜಗಲಿಯ ತುಂಬ ಕೆಸರು ಹಿಡಿದ ಚಕ್ರಗಳು. ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕು ಹಿಡಿದ ಕಡ್ಡಿ ತೆಗೆದು, ಹೊಸದು ಹಾಕಿ, ಬೆಂಡ್ ತೆಗೆದು ಕೊಡಬೇಕು.

ಚಕ್ರದ ಕಡ್ಡಿ, ಈಗ ಎಲ್ಲರೂ ಸ್ಪೋಕ್ ಎನ್ನುತ್ತಾರೆ, ಎಲ್ಲವೂ ಒಂದೇ ಬಿಗಿಯಲ್ಲಿರಬೇಕು. ಅದನ್ನು ಕೈಯಲ್ಲಿ ಹಿಚುಕಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಪೂರ್ತಿ ಗೊತ್ತಾಗುವುದು ಕಿವಿಗೆ. ಉಗುರಿನಿಂದ ತಟ್ಟಿದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಟಪ್ ಎನ್ನುತ್ತದೆ. ನಿಮ್ಮ ಅಜ್ಜನಿಗೆ ಸಣ್ಣಂದಿನಿಂದಲೇ ಎಡಕಿವಿ ಕೇಳುತ್ತಿರಲಿಲ್ಲ, ಬಲದ್ದೂ ಮಂದ. ಮದುವೆಯಾದ ಹೊಸತರಲ್ಲಿ ನನ್ನನ್ನು ಪರದೆಯ ಹಿಂದೆ ಕೂರಿಸಿ, ಚಕ್ರ ಒಳಗೆ ಕೊಟ್ಟು, "ಯಾವುದು ಬೇರೆ ಸ್ವರ ಹೇಳ್ತದೆ, ಅದಕ್ಕೆ ನೂಲು ಕಟ್ಟು" ಅನ್ನುತ್ತಿದ್ದರು. ಎರಡು ವರ್ಷ ನೂಲು ಕಟ್ಟಿದೆ. ಆಮೇಲೆ ಕಡ್ಡಿ ಬಿಗಿ ಮಾಡುವ ಕೀಲಿಯನ್ನೇ ನನ್ನ ಕೈಗೆ ಕೊಟ್ಟರು. ಕೊನೆಗೆ ಹೊಸ ಚಕ್ರ ಕಟ್ಟುವುದೂ ನನ್ನ ಪಾಲಿಗೆ ಬಂತು. ಹೆಸರು ಮಾತ್ರ ಅವರದ್ದು. "ನಿಮ್ಮ ಕೈ ತಾಗಿದರೆ ಚಕ್ರ ಐದು ವರ್ಷ ಅಲುಗುವುದಿಲ್ಲ" ಎಂದು ಗಿರಾಕಿಗಳು ಪರದೆಯ ಆಚೆ ಹೇಳುವುದು ನನಗೆ ಕೇಳುತ್ತಿತ್ತು. ಅವರಿಗೆ ಅದು ಅರ್ಧ ಮಾತ್ರ ಕೇಳುತ್ತಿತ್ತು.

ನನ್ನ ಅತ್ತೆ ಆಗ ಇದ್ದರು. ಅವರದ್ದು ಒಂದೇ ಮಾತು: "ಹೆಂಗಸು ಚಕ್ರ ಕಟ್ಟುತ್ತಾಳೆ ಅಂತ ಗೊತ್ತಾದರೆ ಅಂಗಡಿಗೆ ಯಾರು ಬರ್ತಾರೆ? ಕೇಳಿದವರಿಗೆ ಬೀಡಿ ಕಟ್ಟುತ್ತಾಳೆ ಅಂತ ಹೇಳುವ." ನಮ್ಮ ಕಡೆ ಬೀಡಿ ಕಟ್ಟದ ಮನೆ ಯಾವುದು? ಯಾರೂ ಹುಬ್ಬೇರಿಸದ ಕೆಲಸ ಅದು. ಹಾಗೆ ನಾನು ಬೀಡಿ ಕಟ್ಟುವವಳಾದೆ. ನಿಜವಾಗಿ ಒಂದು ಬೀಡಿಯನ್ನೂ ಸರಿಯಾಗಿ ಸುತ್ತಲು ನನಗೆ ಬರುವುದಿಲ್ಲ.

ನಿಮ್ಮ ಅಮ್ಮನಿಗೆ ಸಂಬಂಧ ಬಂದಾಗ ಅವಳೇ ನನ್ನ ಹತ್ತಿರ ಬಂದು, "ಅಮ್ಮ, ಚಕ್ರದ ವಿಷಯ ಅವರ ಹತ್ರ ಹೇಳುವುದು ಬೇಡ ಆಯ್ತಾ" ಅಂದಳು. ಗಂಡಿನ ಕಡೆಯವರು ಗದ್ದೆ ತೋಟ ಇದ್ದವರು. ನಾನು ತಲೆಯಾಡಿಸಿದೆ. ಬೀಗಿತಿಯವರು, ಅಂದರೆ ನಿಮ್ಮ ಅಪ್ಪನ ಅಮ್ಮ, ನನ್ನ ಕೈಬೆರಳು ಹಿಡಿದು ನೋಡಿ, "ಎಂತ ಇಷ್ಟು ಗಟ್ಟಿಯಾಗಿದೆ?" ಎಂದು ಕೇಳಿದರು. ಬೀಡಿ ಎಂದೆ. ಮದುವೆಯಾದ ಮೇಲೆ ಒಂದು ಸಲ ಅವರ ಮನೆಗೆ ಹೋದಾಗ ಹೆಂಗಸರೆಲ್ಲ ಮೊರ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನನಗೂ ಒಂದು ಮೊರ ಬಂತು. "ಬನ್ನಿ ಬನ್ನಿ, ಬಂಟ್ವಾಳದವರ ಸ್ಪೀಡ್ ನೋಡುವ!" ಅಂದರು ಬೀಗಿತಿ. ನಾನು ಬೆರಳಿಗೆ ಕತ್ತಿ ತಾಗಿದೆ ಎಂದು ಸೆರಗಿನ ಚೂರು ಸುತ್ತಿಕೊಂಡೆ. ಗಾಯವಿಲ್ಲದ ಬೆರಳಿಗೆ ಎರಡು ದಿನ ಬಟ್ಟೆ ಕಟ್ಟಿಕೊಂಡು ಓಡಾಡಿದೆ. ಅವರು ಅರಸಿನ ಅರೆದು ತಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಜ್ಜ ತೀರಿಕೊಂಡರು, ಅಂಗಡಿ ಮುಚ್ಚಿತು. ನಾನು ಬೆಳ್ತಂಗಡಿಗೆ, ನಿಮ್ಮ ಮನೆಗೆ ಬಂದೆ. ಬರುವಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಅವರ ಕನ್ನಡಕದ ಜೊತೆ ಆ ಕೀಲಿಯನ್ನೂ ಹಾಕಿಕೊಂಡೆ. ದುಂಡಗಿನ ಸಣ್ಣ ಕಬ್ಬಿಣ, ಸುತ್ತಲೂ ಬೇರೆ ಬೇರೆ ಅಳತೆಯ ಕಚ್ಚು. ಸೈಕಲ್ಲಿಗೂ ಆಗುತ್ತದೆ, ಬೈಕಿಗೂ ಆಗುತ್ತದೆ.

ನಿಮ್ಮ ಅಪ್ಪ ಆಗ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದರು. ಸುಟ್ಟುಹೋದ ಮೋಟಾರನ್ನು ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ತಂದು, ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ಮತ್ತೆ ಕೊಂಡುಹೋಗಿ ಕೂರಿಸುವುದು. ಚಾರ್ಮಾಡಿಯ ಬದಿಯ ತೋಟಗಳವರೆಗೆ ಅವರ ಗಿರಾಕಿಗಳಿದ್ದರು. ತಂತಿ ಸುತ್ತುವಾಗ ಅವರ ಕೈ ನೋಡಬೇಕಿತ್ತು. ಹೂ ಕಟ್ಟುವವರ ಕೈಯಂತೆ ಮಣಿಕಟ್ಟು ಆಡುತ್ತಿತ್ತು.

ಒಂದು ದಿನ ಹೊಂಡಕ್ಕೆ ಬಿದ್ದು ಬೈಕಿನ ಹಿಂದಿನ ಚಕ್ರ ಸೀಳಿತು. ಅದು ಕಡ್ಡಿ ಇಲ್ಲದ, ಅಚ್ಚಿನಲ್ಲಿ ಎರಕ ಹೊಯ್ದ ಅಲಾಯ್ ಚಕ್ರ. ವೆಲ್ಡಿಂಗ್ ಮಾಡಿಸಿದರು, ನಿಲ್ಲಲಿಲ್ಲ. ಕಂಪೆನಿಯ ಹೊಸ ಅಲಾಯ್ ಚಕ್ರದ ಬೆಲೆ ಕೇಳಿ ಬಂದು ಊಟ ಮಾಡದೆ ಕೂತರು. ಮೂರು ದಿನ ಫೋನಿನಲ್ಲಿ ವಿಡಿಯೋ ನೋಡಿದರು. ನಾಲ್ಕನೆಯ ದಿನ ನಿಮ್ಮ ಅಮ್ಮನಿಗೆ, "ಸ್ಪೋಕ್ ವೀಲ್ ಹಾಕುವ. ಕಂಪೆನಿದು ಬೇಡ, ಹೊರಗಿಂದು ಅರ್ಧಕ್ಕಿಂತ ಕಡಿಮೆಗೆ ಸಿಗ್ತದೆ. ಹೊಂಡಕ್ಕೆ ಬಿದ್ದರೂ ಸ್ಪೋಕ್ ಬಗ್ಗುತ್ತದೆ, ಸೀಳುವುದಿಲ್ಲ. ಬಗ್ಗಿದ್ದನ್ನು ಸರಿ ಮಾಡಬಹುದು" ಅಂದರು. ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನಾನು, ಸರಿಯಾದ ಮಾತು ಎಂದುಕೊಂಡೆ. ಅವರು ದುಡುಕಿನವರಲ್ಲ. ಇದನ್ನು ನೀವು ನೆನಪಿಡಬೇಕು.

ಮೂಡುಬಿದಿರೆಯ ಒಂದು ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಕಟ್ಟಿ ಇಟ್ಟ ಚಕ್ರಗಳೇ ಸಿಗುತ್ತವೆ ಎಂದು ಯಾರೋ ಹೇಳಿದ್ದರು. ಅವರು ಅಲ್ಲಿಗೆ ಹೊರಟ ದಿನವೇ ನನಗೂ ಬೆಳುವಾಯಿಯ ತವರಿಗೆ ಹೋಗಲಿಕ್ಕಿತ್ತು. "ಅತ್ತೆ, ಒಟ್ಟಿಗೆ ಹೋಗುವ. ಅಂಗಡಿಯ ಕೆಲಸ ಮುಗಿಸಿ ನಿಮ್ಮನ್ನು ಬೆಳುವಾಯಿ ಬಸ್ಸು ಹತ್ತಿಸ್ತೇನೆ" ಅಂದರು ನಿಮ್ಮ ಅಪ್ಪ.

ಅಂಗಡಿಯಲ್ಲಿ ಚಕ್ರಗಳನ್ನು ಮಾಡಿನ ಜಂತಿಗೆ ನೇತುಹಾಕಿದ್ದರು. ಎಣ್ಣೆಯ, ಹೊಸ ರಬ್ಬರಿನ ವಾಸನೆ. ಎಷ್ಟೋ ವರ್ಷದ ಮೇಲೆ ಆ ವಾಸನೆ ಮೂಗಿಗೆ ತಾಗಿ ನನ್ನ ಕಣ್ಣು ಒದ್ದೆಯಾಯಿತು. ಅಂಗಡಿಯವರು ನನ್ನ ಪ್ರಾಯಕ್ಕೆ ಹತ್ತಿರದವರು, ಮಾತಿನ ಮಲ್ಲ.

"ಸ್ಪೋಕಾ? ಈಗಿನ ಹುಡುಗರು ಸ್ಪೋಕ್ ತೆಗೆದು ಅಲಾಯ್ ಹಾಕ್ತಾರೆ, ನೀವು ಅಲಾಯ್ ತೆಗೆದು ಸ್ಪೋಕ್! ಉಲ್ಟಾ ಗಿರಾಕಿ ಮಾರಾಯ್ರೆ ನೀವು."

"ನನ್ನ ರಸ್ತೆಯೇ ಉಲ್ಟಾ ಉಂಟು. ಮೋಟಾರು ಕಟ್ಟಿಕೊಂಡು ಚಾರ್ಮಾಡಿ ಕಡೆ ಹೋಗ್ಲಿಕ್ಕೆ ಉಂಟು. ಹಿಂದಿನದ್ದು ಒಂದು ಕೊಡಿ, ಸಾಕು."

"ಹಿಂದಿನದ್ದು ಮಾತ್ರವಾ? ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ!"

"ಆಗಲಿ, ನಡೆಯಲಿಕ್ಕೆ ಆದರೆ ಆಯ್ತಲ್ಲ" ಎಂದು ನಿಮ್ಮ ಅಪ್ಪ ನಕ್ಕರು.

ಎರಡು ಚಕ್ರ ಕೆಳಗಿಳಿಯಿತು. ಒಂದು ಕನ್ನಡಿಯಂತೆ ಹೊಳೆಯುವುದು. ಇನ್ನೊಂದು ಬೂದು ಬಣ್ಣದ್ದು, ಹೊಳಪಿಲ್ಲ, ಬೆಲೆ ಸ್ವಲ್ಪ ಹೆಚ್ಚು. ನಿಮ್ಮ ಅಪ್ಪ ಜೇಬಿನಿಂದ ಚೀಟಿ ತೆಗೆದು ಅಳತೆ ನೋಡಿದರು. ಹಳೆಯ ಬ್ರೇಕ್ ಡ್ರಮ್ಮು ಒಳಗೆ ಕೂರುತ್ತದೋ ನೋಡಿದರು. ಉಗುರಿನಿಂದ ಕ್ರೋಮ್ ಕೆರೆದು ನೋಡಿದರು. ರಿಮ್ಮಿನ ಬೆಸುಗೆಯ ಮೇಲೆ ಬೆರಳಾಡಿಸಿದರು. ಕಣ್ಣಿಗೆ, ಕೈಗೆ ಸಿಗುವುದನ್ನೆಲ್ಲ ನೋಡಿದರು. ಬೂದು ಬಣ್ಣದ್ದನ್ನು ಎತ್ತಿ, "ಇದು ತೂಕ ಉಂಟು, ಗಟ್ಟಿ ಕಾಣ್ತದೆ" ಎಂದು ತನಗೆ ತಾನೇ ಹೇಳಿಕೊಂಡರು.

ಅವರು ಅಂಗಡಿಯವರ ಜೊತೆ ಮಾತಾಡುತ್ತಿರುವಾಗ ನಾನು ಕುರ್ಚಿಯಿಂದ ಎದ್ದು ಬಂದೆ. ಕೈ ತಡೆಯಲಿಲ್ಲ. ಹೊಳೆಯುವ ಚಕ್ರದ ಕಡ್ಡಿಗಳನ್ನು ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಟಿಣ್, ಟಿಣ್, ಟಪ್. ಟಿಣ್, ಟಪ್. ಮೂವತ್ತಾರು ಕಡ್ಡಿಯಲ್ಲಿ ಏಳು ಸತ್ತ ಸ್ವರ. ಅಂಚಿಗೆ ಬಗ್ಗಿ ನೋಡಿದೆ. ಕಡ್ಡಿಯ ತುದಿಯನ್ನು ಹಿಡಿದುಕೊಳ್ಳುವ ತಿರುಪಿನೊಳಗೆ ಅಲ್ಲಲ್ಲಿ ಕಡ್ಡಿ ಅರ್ಧಕ್ಕೇ ನಿಂತಿತ್ತು. ಬೇರೆ ಬೇರೆ ಉದ್ದದ ಕಡ್ಡಿಗಳನ್ನು ಕಲಸಿ ಕಟ್ಟಿದ್ದಾರೆ ಎಂದು ಗೊತ್ತಾಯಿತು. ಆಮೇಲೆ ಬೂದು ಬಣ್ಣದ್ದನ್ನು ತಟ್ಟಿದೆ. ಒಂದು ಸುತ್ತು ಪೂರ್ತಿ ಒಂದೇ ಸ್ವರ.

ನಿಮ್ಮ ಅಪ್ಪ ತಿರುಗಿ ನೋಡಿದರು. "ಅತ್ತೆ, ನಿಮಗೆ ಯಾವುದು ಒಳ್ಳೆಯದು ಕಾಣ್ತದೆ?"

ಮಕ್ಕಳೇ, ಅವರು ಕೇಳಿದರು. ಸುಮ್ಮನೆ ಮರ್ಯಾದೆಗೆ ಕೇಳಿದ್ದೋ, ನಾನು ತಟ್ಟುವುದನ್ನು ನೋಡಿ ಕೇಳಿದ್ದೋ ಗೊತ್ತಿಲ್ಲ. ಅಷ್ಟರಲ್ಲಿ ಅಂಗಡಿಯವರು ಜೋರಾಗಿ ನಕ್ಕರು. "ಅಮ್ಮನ ಹತ್ರ ಕೇಳ್ತೀರಾ? ಸೀರೆಯಾ ಇದು, ಅಂಚು ನೋಡಿ ಹೇಳಲಿಕ್ಕೆ?" ಬಾಗಿಲಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳೂ ನಕ್ಕರು.

ಬೂದು ಬಣ್ಣದ್ದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಿದರೆ ಏಕೆ ಎಂದು ಕೇಳುತ್ತಾರೆ. ಏಕೆ ಎಂದು ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಗ ಬೀಡಿಯ ಸುಳ್ಳು, ಬಟ್ಟೆ ಕಟ್ಟಿದ ಬೆರಳು, ಎಲ್ಲ ಹೊರಗೆ ಬರುತ್ತದೆ. ಅಳಿಯನ ಎದುರು, ಹೊರಗಿನ ಗಂಡಸರ ಎದುರು ಅತ್ತೆಯಾದವಳು ಬಾಯಿ ಹಾಕಬಾರದು ಎಂದು ಕಲಿತದ್ದೂ ಇತ್ತು. ನಾನು ಸೆರಗು ಎಳೆದುಕೊಂಡು, "ನನಗೆ ಎಂತ ಗೊತ್ತು ಇದೆಲ್ಲ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಏನೂ ತಿಳಿಯದ ಹೆಂಗಸು ಏನು ಹೇಳುತ್ತಾಳೋ ಅದನ್ನೂ ಸೇರಿಸಿದೆ: "ಹೊಳೆಯುವುದು ಚಂದ ಉಂಟು."

"ನೋಡಿ, ಅಮ್ಮನೇ ಹೇಳಿದ್ರು!" ಅಂದರು ಅಂಗಡಿಯವರು.

ನಿಮ್ಮ ಅಪ್ಪ ಬೂದು ಬಣ್ಣದ್ದನ್ನು ಒಂದು ಕ್ಷಣ ಹಿಡಿದೇ ಇದ್ದರು. ಆಮೇಲೆ ಕೆಳಗಿಟ್ಟರು. "ಆಯ್ತು, ಅತ್ತೆ ಹೇಳಿದ್ದನ್ನೇ ತೆಗೆಯುವ" ಅಂದರು. ಅಂಗಡಿಯವರು ಚಕ್ರವನ್ನು ಗೋಣಿಯಲ್ಲಿ ಸುತ್ತಿ, "ಸ್ವಲ್ಪ ದಿನ ಓಡಿಸಿ ಒಮ್ಮೆ ಕಡ್ಡಿ ಟೈಟ್ ಮಾಡಿಸಿಕೊಳ್ಳಿ, ಹೊಸ ವೀಲಿಗೆ ಅದು ಬೇಕಾಗ್ತದೆ" ಎಂದು ಹೇಳಿಯೇ ಕೊಟ್ಟರು. ಅವರ ಮೇಲೂ ತಪ್ಪು ಹೊರಿಸಲು ನನಗೆ ಬಾಯಿಲ್ಲ.

ಬೆಳುವಾಯಿಗೆ ಹೋಗುವ ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೀಲಿ ನನ್ನ ಹತ್ತಿರ ಉಂಟಲ್ಲ. ಯಾರೂ ನೋಡದಾಗ ಆ ಏಳು ಕಡ್ಡಿಗಳನ್ನು ಬಿಗಿ ಮಾಡಿದರಾಯಿತು, ಗಿಡ್ಡದ್ದನ್ನು ಬದಲಾಯಿಸಲು ಏನಾದರೂ ದಾರಿ ಹುಡುಕಿದರಾಯಿತು.

ಅಂಥ ಒಂದು ದಿನ ಬಂತು. ನೀವು ಶಾಲೆಗೆ ಹೋಗಿದ್ದಿರಿ, ನಿಮ್ಮ ಅಮ್ಮ ಪೇಟೆಗೆ ಹೋಗಿದ್ದಳು. ಅಪ್ಪ ಜ್ವರದಿಂದ ಒಳಗೆ ಮಲಗಿದ್ದರು, ಬೈಕು ಅಂಗಳದಲ್ಲಿತ್ತು. ನಾನು ಕೀಲಿ ಹಿಡಿದು ಚಕ್ರದ ಹತ್ತಿರ ಕೂತು ಎರಡು ಕಡ್ಡಿ ಬಿಗಿ ಮಾಡಿದ್ದೆ. ಗೇಟಿನ ಶಬ್ದವಾಯಿತು. ಪಕ್ಕದ ಮನೆಯವರು ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಕೇಳಿಕೊಂಡು ಬಂದಿದ್ದರು. "ಎಂತ ಮಾಡ್ತಿದ್ದೀರಿ ಅಲ್ಲಿ, ಬೈಕಿನ ಅಡಿಯಲ್ಲಿ?" "ಬೆಕ್ಕಿನ ಮರಿ ಹೊಕ್ಕಿದೆ" ಎಂದುಬಿಟ್ಟೆ. ಅವರೂ ಬಗ್ಗಿ ಬೆಕ್ಕಿನ ಮರಿ ಹುಡುಕಿದರು. ಇಬ್ಬರೂ ಸೇರಿ ಇಲ್ಲದ ಮರಿಯನ್ನು "ಪುಸ್ ಪುಸ್" ಎಂದು ಕರೆದೆವು. ಕೀಲಿ ನನ್ನ ಮುಷ್ಟಿಯಲ್ಲಿ ಬೆವರಿತು. ಅವರು ಹೋದ ಮೇಲೆ ಮತ್ತೆ ಕೂರಬಹುದಿತ್ತು. ಕೂರಲಿಲ್ಲ. ಕೀಲಿಯನ್ನು ಡಬ್ಬಿಗೆ ಹಾಕಿದೆ. ಎರಡು ಕಡ್ಡಿ ಮಾಡಿಬಿಟ್ಟು ಉಳಿದದ್ದನ್ನು ಹಾಗೇ ಬಿಡುವುದು ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದ್ದು ಎಂದು ಕೆಲಸ ಬಲ್ಲವರಿಗೆ ಗೊತ್ತು. ಭಾರ ಒಂದೇ ಕಡೆ ಎಳೆಯುತ್ತದೆ. ನನಗೆ ಅದು ಗೊತ್ತಿತ್ತು.

ಬೇಸಿಗೆ ಬಂತು, ಪಂಪುಗಳ ಕಾಲ. ನಿಮ್ಮ ಅಪ್ಪನಿಗೆ ಕೂರಲು ಬಿಡುವಿಲ್ಲ, ಕಡ್ಡಿ ಬಿಗಿ ಮಾಡಿಸಲು ಎಲ್ಲಿ ಹೋಗುವುದು? ಸಂಜೆ ಅವರು ಬೈಕನ್ನು ತಳ್ಳಿಕೊಂಡು ಅಂಗಳ ಹತ್ತುವಾಗ ಹಿಂದಿನ ಚಕ್ರದಿಂದ ಟಿಕ್ ಟಿಕ್ ಎಂದು ಕೇಳುತ್ತಿತ್ತು. ನನಗೆ ಮಾತ್ರ. ಒಂದು ದಿನ ನಿಮ್ಮ ಅಮ್ಮನ ಹತ್ತಿರ, "ಗಾಡಿ ಶಬ್ದ ಸರಿಯಿಲ್ಲ, ಒಮ್ಮೆ ತೋರಿಸಲಿಕ್ಕೆ ಹೇಳು" ಅಂದೆ. ಅವಳು ನಕ್ಕು, "ನಿನಗೆ ಮಿಕ್ಸಿ ಶಬ್ದವೂ ಸರಿಯಿಲ್ಲ, ಫ್ಯಾನಿನ ಶಬ್ದವೂ ಸರಿಯಿಲ್ಲ ಅಮ್ಮ" ಅಂದಳು. ನಾನು ಎರಡನೆಯ ಸಲ ಹೇಳಲಿಲ್ಲ.

ಅವರು ಬಿದ್ದದ್ದು ಚಾರ್ಮಾಡಿಯಿಂದ ಮೋಟಾರು ತರುವಾಗ, ನಡು ಮಧ್ಯಾಹ್ನ, ಇಳಿಜಾರಿನ ತಿರುವಿನಲ್ಲಿ. ಕಡ್ಡಿಗಳು ಒಂದರ ಹಿಂದೆ ಒಂದು ಬಿಟ್ಟುಕೊಂಡು ಚಕ್ರ ಹಪ್ಪಳದಂತೆ ಮಡಚಿತು. ಮೋಟಾರು ಬಲಗೈಯ ಮೇಲೆ ಬಿತ್ತು. ಹಿಂದೆ ಬರುತ್ತಿದ್ದ ಪಿಕಪ್ಪಿನವರು ಎತ್ತಿ ಆಸ್ಪತ್ರೆಗೆ ತಂದರು.

ಆಸ್ಪತ್ರೆಯಲ್ಲಿ ಕೈಯ ಮೂಳೆಗೆ ಪ್ಲೇಟು ಹಾಕಿದ ಮರುದಿನ ನಿಮ್ಮ ಅಮ್ಮ ಮಂಚದ ಬದಿಯಲ್ಲಿ ನಿಂತು ಅತ್ತಳು, ಅತ್ತ ಮೇಲೆ ಬೈದಳು. ಹೆದರಿಕೆ ಇಳಿದ ಮೇಲೆ ಹೆಂಗಸರಿಗೆ ಸಿಟ್ಟು ಬರುತ್ತದೆ.

"ಅಗ್ಗ ಅಗ್ಗ ಅಂತ ಹೋಗಿ ಎಂತ ತಂದಿದ್ದು ನೀವು? ಯಾರು ಹೇಳಿದ್ದು ಅದನ್ನು ತೆಗೀಲಿಕ್ಕೆ?"

"ಯಾರು ಹೇಳುವುದು? ನಾನೇ ನೋಡಿ ತೆಗೆದದ್ದು" ಅಂದರು ನಿಮ್ಮ ಅಪ್ಪ.

ನಾನು ಗಂಜಿಯ ಪಾತ್ರೆ ಹಿಡಿದು ಬಾಗಿಲಲ್ಲಿದ್ದೆ. ನಿಮ್ಮ ಅಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ನನ್ನ ಕಿವಿ, ನನ್ನ ಕೈ ಗೊತ್ತಿತ್ತಲ್ಲ. ಗಂಡನ ಎದುರು ಬಿಡಿಸಿ ಹೇಳುವಂತಿರಲಿಲ್ಲ, ಕಣ್ಣಲ್ಲೇ ಕೇಳುತ್ತಾ, "ಅಮ್ಮ, ನೀನು ಒಟ್ಟಿಗೆ ಇದ್ದಿಯಲ್ಲ? ನಿನಗೆ ಏನೂ ಕಾಣಲಿಲ್ಲವಾ?" ಅಂದಳು.

"ನಾನು ಅಂಗಡಿಯ ಒಳಗೇ ಹೋಗಲಿಲ್ಲ. ಹೊರಗೆ ಬಸ್ಸಿಗೆ ಕಾಯುತ್ತಿದ್ದೆ" ಅಂದೆ.

ನಿಮ್ಮ ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ. ಅರ್ಥವಾಗದವರಂತೆ ನೋಡಿದರು. ಅವರ ಮೊಣಕೈಯ ಪಕ್ಕದಲ್ಲೇ ನಾನು ನಿಂತಿದ್ದೆ, ನಾನು ಹೇಳಿದ್ದನ್ನೇ ಅವರು ಕೊಂಡರು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, "ಗಂಜಿ ಬಿಸಿ ಉಂಟಾ ಅತ್ತೆ?" ಎಂದು ಕೇಳಿದರು.

ಆ ಗಂಜಿಯನ್ನು ಅವರ ಎಡಗೈಗೆ ಚಮಚ ಕೊಟ್ಟು ಕುಡಿಸಿದೆ.

ಕೈ ಗುಣವಾಯಿತು, ಆದರೆ ತಿರುಗಲಿಲ್ಲ. ತಂತಿ ಸುತ್ತುವ ಕೆಲಸ ನಿಂತಿತು. ಅವರೀಗ ಪಂಪು ಮಾರುವ ಬೇರೆಯವರ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾರೆ, ಅದನ್ನೂ ಎಡಗೈಯಲ್ಲಿ ಕಲಿತು. ಅವರು ಸಂತೆಯಿಂದ ಕೊಡೆ ತಂದರೂ, ಬಕೆಟ್ಟು ತಂದರೂ ನಿಮ್ಮ ಅಮ್ಮ "ಇದೂ ಮೂಡುಬಿದಿರೆಯದ್ದಾ?" ಎಂದು ಕೇಳುವಳು. ಅವಳು ತಮಾಷೆಗೆ ಹೇಳುವುದು, ಪ್ರೀತಿ ಇಲ್ಲದೆ ಅಲ್ಲ. ಅವರು ನಗುವರು. ನೀವು ಅದನ್ನು ಕಲಿತಿರಿ. ಆ ಮಾತು ಬಂದಾಗಲೆಲ್ಲ ಅವರು ಒಮ್ಮೆಯೂ ನನ್ನ ಕಡೆ ನೋಡಿದ್ದಿಲ್ಲ. ನೋಡದೆ ಇರಲು ಜಾಗ್ರತೆ ಮಾಡುತ್ತಿದ್ದರು.

ಇನ್ನು ನೀವು ನೋಡಿದ ಭಾನುವಾರ. ಬೈಕು ಬಹಳ ಕಾಲ ಮೂಲೆಯಲ್ಲಿತ್ತು. ಕೊನೆಗೆ ಅಪ್ಪ ಬಂಟ್ವಾಳಕ್ಕೆ ಹೋಗಿ ಸಾಮಾನು ತಂದರು. ಈ ಸಲ ಕಟ್ಟಿದ ಚಕ್ರವನ್ನು ನಂಬಲಿಲ್ಲ, ಬಿಡಿಬಿಡಿಯಾಗಿ ತಂದರು: ಒಂದು ರಿಮ್ಮು, ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಗುಂಬ, ದಪ್ಪ ಕಡ್ಡಿಗಳ ಒಂದು ಕಟ್ಟು, ಹಿತ್ತಾಳೆಯ ತಿರುಪುಗಳು. ಕಂಪೆನಿಯದ್ದಲ್ಲ, ಆದರೆ ಒಳ್ಳೆಯ ಆಯ್ಕೆ. ಅಜ್ಜ ಇದ್ದಿದ್ದರೆ ತಲೆದೂಗುತ್ತಿದ್ದರು. ಕಟ್ಟುವವರು ಮಾತ್ರ ಸಿಗಲಿಲ್ಲ. ಬಂಟ್ವಾಳದಲ್ಲಿ ಇದ್ದ ಒಬ್ಬ ಗಲ್ಫಿಗೆ ಹೋಗಿದ್ದಾನಂತೆ. ಅಪ್ಪ ಜಗಲಿಯಲ್ಲಿ ಫೋನನ್ನು ಚೊಂಬಿಗೆ ಒರಗಿಸಿ, ವಿಡಿಯೋ ನೋಡುತ್ತಾ ತಾವೇ ಶುರುಮಾಡಿದರು. ಎಂಟು ಕಡ್ಡಿ ಹಾಕಿದರು. ಒಂಬತ್ತನೆಯದಕ್ಕೆ ತಿರುಪು ತಿರುಗಿಸಲು ಹೋದಾಗ ಮಣಿಕಟ್ಟು ಅಲ್ಲೇ ನಿಂತಿತು. ಎಡಗೈಯಲ್ಲಿ ಪ್ರಯತ್ನಿಸಿದರು. ಕಡ್ಡಿ ಜಾರಿ ಅಂಗಳಕ್ಕೆ ಬಿತ್ತು. ಹೆಕ್ಕಿ ತಂದು ಮತ್ತೆ ಕೂತರು. ಮತ್ತೆ ಬಿತ್ತು. ನೀವು ನಕ್ಕಿರಿ.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೂರನೆಯ ಸಲ ಬಿದ್ದಾಗ ಅವರು ಹೆಕ್ಕಲು ಹೋಗಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತರು. ನಾನು ಒಳಗೆ ಹೋಗಿ ಡಬ್ಬಿ ತೆಗೆದೆ.

"ಸ್ವಲ್ಪ ಸರಿಯಿರಿ, ಇಲ್ಲಿ ಕೊಡಿ" ಎಂದು ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತೆ.

"ಅಮ್ಮಾ..." ಎಂದಳು ನಿಮ್ಮ ಅಮ್ಮ ಬಾಗಿಲಿನಿಂದ. ಬೇಡ ಎನ್ನುವ ಸ್ವರ ಅದು.

"ಇರಲಿ" ಅಂದೆ.

ಅವರು ಹಾಕಿದ ಎಂಟನ್ನೂ ಬಿಚ್ಚಿದೆ. ಒಂದು ಒಳಗಿನಿಂದ, ಒಂದು ಹೊರಗಿನಿಂದ, ರಿಮ್ಮಿನ ಮೂರು ತೂತು ದಾಟಿ ನಾಲ್ಕನೆಯದಕ್ಕೆ. ಬೆರಳು ಯಾವುದನ್ನೂ ಮರೆತಿರಲಿಲ್ಲ. ಚಿನ್ನು, ನೀನು ಕಡ್ಡಿ ಎಣಿಸಿ ಕೊಡುತ್ತಿದ್ದೆ. ಪುಟ್ಟ, ನಿನ್ನ ಶಾಲೆಯ ಸೀಮೆಸುಣ್ಣದ ತುಂಡನ್ನು ನಾನು ಕೇಳಿ ತೆಗೆದುಕೊಂಡೆ. ಚಕ್ರವನ್ನು ಬೈಕಿಗೆ ಸಿಕ್ಕಿಸಿ, ಅಂಚಿನ ಹತ್ತಿರ ಸುಣ್ಣ ಹಿಡಿದು ತಿರುಗಿಸಿದಾಗ ಉಬ್ಬಿದ ಜಾಗಕ್ಕೆ ಮಾತ್ರ ಅದು ತಾಗುತ್ತದೆ. ಅಲ್ಲಿ ಬಿಗಿ ಮಾಡಬೇಕು, ಎದುರಿಗೆ ಸಡಿಲ ಮಾಡಬೇಕು. ಕೊನೆಗೆ ಎಲ್ಲಿಯೂ ತಾಗಲಿಲ್ಲ. ನೀವು ಆಗ ಕುಣಿದು ಚಪ್ಪಾಳೆ ತಟ್ಟಿದಿರಿ. ಪಕ್ಕದ ಮನೆಯವರೂ ಗೇಟಿನಲ್ಲಿ ನಿಂತಿದ್ದರು. "ಬೆಕ್ಕಿನ ಮರಿ ಸಿಕ್ಕಿತಾ?" ಎಂದು ಅವರು ಕೇಳಲಿಲ್ಲ, ಆದರೆ ಅವರ ಮುಖದಲ್ಲಿ ಅದು ಇತ್ತು.

ಆಮೇಲೆ ನಡೆದದ್ದು ನಿಮ್ಮ ಗದ್ದಲದಲ್ಲಿ ನಿಮಗೆ ಕೇಳಲಿಲ್ಲ. ನಾನು ಕೊನೆಯ ಸಲ ಉಗುರಿನಿಂದ ಒಂದೊಂದೇ ಕಡ್ಡಿ ತಟ್ಟುತ್ತಾ ಸುತ್ತು ಬಂದೆ. ಟಿಣ್, ಟಿಣ್, ಟಿಣ್. ನಿಮ್ಮ ಅಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು.

"ಮೂಡುಬಿದಿರೆಯಲ್ಲಿಯೂ ನೀವು ಹೀಗೆಯೇ ತಟ್ಟಿದ್ದಿರಿ, ಅಲ್ವಾ ಅತ್ತೆ?" ಎಂದು ಮೆಲ್ಲನೆ ಕೇಳಿದರು.

ನನ್ನ ಕೈ ಕಡ್ಡಿಯ ಮೇಲೇ ನಿಂತಿತು. ಹೌದು ಎನ್ನಬೇಕಿತ್ತು. ಏಳು ಕಡ್ಡಿ ಸಡಿಲವಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೇ ಹೊಳೆಯುವುದು ಚಂದ ಅಂದೆ, ಆಮೇಲೆ ಒಳಗೇ ಹೋಗಲಿಲ್ಲ ಎಂದು ನಿಮ್ಮ ಮುಖದ ಎದುರೇ ಸುಳ್ಳು ಹೇಳಿದೆ, ಎನ್ನಬೇಕಿತ್ತು. ನಾನು ಎದ್ದು, "ಚಾ ಇಡ್ತೇನೆ" ಎಂದು ಒಳಗೆ ಹೋದೆ. ಅವರು ಮತ್ತೆ ಕೇಳಲಿಲ್ಲ. ಚಾ ಕುಡಿದು, ಲೋಟ ಕೊಡುವಾಗ, "ಒಳ್ಳೆ ಕೆಲಸ ಆಯ್ತು ಅತ್ತೆ" ಎಂದು ಮಾತ್ರ ಹೇಳಿದರು. ಅವರು ಈಗ ಕೆಲಸಕ್ಕೆ ಹೋಗಿ ಬರುವುದು ಅದೇ ಚಕ್ರದಲ್ಲಿ. ಸಂಜೆ ಬೈಕು ಅಂಗಳ ಹತ್ತುವಾಗ ನಾನು ಈಗಲೂ ಕಿವಿ ಕೊಡುತ್ತೇನೆ. ಶಬ್ದವಿಲ್ಲ.

ಆ ಚಪ್ಪಾಳೆಯ ಮಾತು ಬಂದಾಗ ನಿಮ್ಮ ಟೀಚರಿಗೆ ಸಂಕೋಚ ಎಂದು ಕಂಡ ನನ್ನ ನಾಚಿಕೆ ಎಂಥದ್ದು ಎಂದು ಈಗ ನಿಮಗೆ ಗೊತ್ತಾಯಿತು. ಶಾಲೆಯಲ್ಲಿ ಇನ್ನೊಮ್ಮೆ ಹೇಳುವುದಿದ್ದರೆ ಪೂರ್ತಿ ಹೇಳಿ, ಇಲ್ಲವಾದರೆ ಹೇಳಬೇಡಿ. ಮೂಡುಬಿದಿರೆ ಮಾಲು ಎನ್ನುವುದನ್ನು ಇವತ್ತಿಗೆ ಬಿಟ್ಟುಬಿಡಿ. ಆ ಚಕ್ರವನ್ನು ಆರಿಸಿದ್ದು ನಿಮ್ಮ ಅಪ್ಪ ಅಲ್ಲ, ನಾನು.

ಬರೆದದ್ದನ್ನು ಮೊದಲು ನಿಮ್ಮ ಅಪ್ಪನ ಕೈಗೆ ಕೊಡಿ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಕೊಡಿ, ಅವರು ಓದುವಾಗ ಎದುರಿಗಿರಲು ನನಗೆ ಧೈರ್ಯವಿಲ್ಲ. ಅವರು ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲಿ ಉಂಟು ಎಂದು ಹೇಳಿ. ಆಮೇಲೆ ನಿಮ್ಮ ಅಮ್ಮನಿಗೆ. ಅವರಿಬ್ಬರೂ ಓದಿ ಆದ ಮೇಲೆ ಈ ಹಾಳೆಗಳನ್ನು ಮಡಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡಿ. ಕೀಲಿಯ ಎಣ್ಣೆ ಕಾಗದಕ್ಕೆ ತಾಗದ ಹಾಗೆ ನಡುವೆ ಒಂದು ಪ್ಲಾಸ್ಟಿಕ್ ಹಾಕಿ. ಡಬ್ಬಿಯನ್ನು ಎತ್ತರದಲ್ಲಿಡಿ, ಗೆದ್ದಲು ಹತ್ತದಂತೆ ಆಗಾಗ ತೆಗೆದು ನೋಡಿ, ಕಳೆಯಬೇಡಿ.